ಗಾಳಗಾರನ ಮೊಳ

ಮೀನು ಹಿಡಿಯುವವರಲ್ಲಿ ಎರಡು ವರ್ಗಗಳುಂಟು. ಹೊಟ್ಟೆಪಾಡಿಗಾಗಿ ಬಲೆ ಬೀಸುವವರದು ಒಂದು. ವಿನೋದಕ್ಕಾಗಿ ಗಾಳ ಹಾಕುವವರದು ಇನ್ನೊಂದು. ಮೊದಲನೆಯವರ ಮೀನನ್ನು ತೂಗುವುದು ತಕ್ಕಡಿ. ಎರಡನೆಯವರ ಮೀನನ್ನು ತೂಗುವುದು ನಾಲಗೆ. ತಕ್ಕಡಿಗೆ ದಾಕ್ಷಿಣ್ಯವಿಲ್ಲ. ಹಣ ಕೊಟ್ಟು ಕೊಳ್ಳುವವನು ಎದುರಿಗೆ ನಿಂತಿರುವಾಗ ಒಂದು ಕಿಲೋ ತೂಗುವ ಮೀನು, ಎಷ್ಟು ಹೊಗಳಿದರೂ, ಎರಡು ಕಿಲೋ ಆಗಲಾರದು. ನಾಲಗೆಗಾದರೋ ಇಂತಹ ಕಟ್ಟುಪಾಡು ಯಾವುದೂ ಇಲ್ಲ. ಬೆಳಿಗ್ಗೆ ಹೊಳೆಯ ದಂಡೆಯಲ್ಲಿ ಗೇಣುದ್ದವಿದ್ದ ಮೀನು ಮಧ್ಯಾಹ್ನ ಊರು ಮುಟ್ಟುವ ವೇಳೆಗೆ ಮೊಳದುದ್ದವಾಗಿರುತ್ತದೆ. ಸಂಜೆ ಜಗಲಿಯ ಮೇಲೆ ನಾಲ್ಕು ಮಂದಿ ಕೂಡಿದಾಗ ಅದು ಮಾರುದ್ದಕ್ಕೆ ಬೆಳೆದಿರುತ್ತದೆ. ಗಾಳದಿಂದ ತಪ್ಪಿಸಿಕೊಂಡು ಹೋದ ಮೀನಿನ ಮಾತನ್ನಂತೂ ಕೇಳುವುದೇ ಬೇಡ. ಅದು ಕೈಗೆ ಸಿಕ್ಕದೆ ಹೋದುದರಿಂದ ಅದರ ಬೆಳವಣಿಗೆಗೆ ಎಲ್ಲೆಯೇ ಇಲ್ಲ.

ಗೇಣು, ಮೊಳ, ಮಾರು ಈ ಮೂರೂ ಮನುಷ್ಯನ ದೇಹದಿಂದಲೇ ಹುಟ್ಟಿದ ಅಳತೆಗಳು. ಅಗಲಿಸಿದ ಹೆಬ್ಬೆರಳಿನಿಂದ ಕಿರುಬೆರಳಿನ ತುದಿಯವರೆಗೆ ಗೇಣು. ಮೊಳಕೈಯಿಂದ ನಡುಬೆರಳಿನ ತುದಿಯವರೆಗೆ ಮೊಳ. ಎರಡು ತೋಳುಗಳನ್ನೂ ಚಾಚಿದರೆ ಮಾರು. ಅಳೆಯುವವನು ಬದಲಾದಂತೆ ಅಳತೆಯೂ ಬದಲಾಗುತ್ತದೆ. ಹೂವು ಮಾರುವವಳು ಇಂದಿಗೂ ಮೊಳದ ಲೆಕ್ಕದಲ್ಲಿಯೇ ಮಾಲೆಯನ್ನು ಅಳೆಯುತ್ತಾಳೆ. ಅವಳ ಮೊಳ ಕೊಂಚ ಗಿಡ್ಡವೆಂದು ಕೊಳ್ಳುವವರು ಗೊಣಗುವುದುಂಟು. ಗಾಳಗಾರನ ಮೊಳದ ಮೇಲಿರುವುದು ಇದಕ್ಕೆ ವಿರುದ್ಧವಾದ ದೂರು. ಅದು ಬಲು ಉದ್ದ.

ಇದು ಯಾವುದೋ ಒಂದು ದೇಶದ ಅಥವಾ ಒಂದು ಕಾಲದ ಗುಣವಲ್ಲ. ಇಂಗ್ಲೆಂಡಿನ ಹಾಸ್ಯಲೇಖಕ ಜೆರೋಮ್ ಕೆ. ಜೆರೋಮ್ 1889ರಲ್ಲಿ ಪ್ರಕಟಿಸಿದ ದೋಣಿಪಯಣದ ಕಥೆಯಲ್ಲಿ ಒಂದು ಸೊಗಸಾದ ಪ್ರಸಂಗವಿದೆ. ಥೇಮ್ಸ್ ನದಿಯ ತೀರದ ಒಂದು ವಸತಿಗೃಹದ ಗೋಡೆಯ ಮೇಲೆ, ಗಾಜಿನ ಪೆಟ್ಟಿಗೆಯಲ್ಲಿ, ಭಾರಿ ಗಾತ್ರದ ಟ್ರೌಟ್ ಮೀನೊಂದನ್ನು ಇರಿಸಲಾಗಿದೆ. ಅಲ್ಲಿಗೆ ಬರುವ ಒಬ್ಬೊಬ್ಬನೂ ಅದನ್ನು ಹಿಡಿದವನು ತಾನೇ ಎನ್ನುತ್ತಾನೆ. ಒಬ್ಬೊಬ್ಬನೂ ಬೇರೆ ಬೇರೆ ತೂಕವನ್ನು ಹೇಳುತ್ತಾನೆ. ಕಡೆಗೆ ಪ್ರಯಾಣಿಕರಲ್ಲೊಬ್ಬನು ಅದನ್ನು ಹತ್ತಿರದಿಂದ ನೋಡಬೇಕೆಂದು ಕುರ್ಚಿ ಹತ್ತಿ, ಕಾಲು ಜಾರಿ, ಪೆಟ್ಟಿಗೆಯನ್ನೇ ಹಿಡಿದುಕೊಳ್ಳುತ್ತಾನೆ. ಪೆಟ್ಟಿಗೆಯೂ ಅವನೂ ಒಟ್ಟಿಗೆ ಕೆಳಗೆ ಬೀಳುತ್ತಾರೆ. ಮೀನು ಚೂರುಚೂರಾಗುತ್ತದೆ. ನೋಡಿದರೆ ಅದು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಮಾಡಿದ ಮೀನು! ನದಿಯನ್ನೇ ಕಾಣದ ಮೀನಿಗೆ ಅಷ್ಟು ಮಂದಿ ಬೆಸ್ತರು.

ಇದನ್ನು ಓದಿ ನಕ್ಕವರು ಗಾಳಗಾರರೆಲ್ಲರೂ ಸುಳ್ಳುಗಾರರೆಂದು ತೀರ್ಮಾನಿಸಿದರೆ ಅದು ಅನ್ಯಾಯವಾದೀತು. ಉತ್ಪ್ರೇಕ್ಷೆ ಎಲ್ಲ ವೇಳೆಯಲ್ಲಿಯೂ ನಾಲಗೆಯಲ್ಲಿಯೇ ಹುಟ್ಟುವುದಿಲ್ಲ. ಅದು ಮೊದಲು ಹುಟ್ಟುವುದು ಕಣ್ಣಿನಲ್ಲಿ. ನೀರಿನಿಂದ ಗಾಳಿಗೆ ಬರುವ ಬೆಳಕು ಬಾಗುತ್ತದೆ. ಆದುದರಿಂದ ನಾಲ್ಕು ಅಡಿ ಆಳದಲ್ಲಿರುವ ಮೀನು ಮೇಲಿನಿಂದ ನೋಡುವವನಿಗೆ ಮೂರು ಅಡಿ ಆಳದಲ್ಲಿರುವಂತೆ ತೋರುತ್ತದೆ. ಸಮೀಪಕ್ಕೆ ಬಂದ ವಸ್ತು ಸಹಜವಾಗಿಯೇ ದೊಡ್ಡದಾಗಿ ಕಾಣಿಸುತ್ತದೆ. ಆಮೇಲೆ ಅದು ಕೈಗೆ ಇಳಿಯುತ್ತದೆ. ಗಾಳಕ್ಕೆ ಸಿಕ್ಕ ಮೀನು ಹೊಳೆಯ ಸೆಳವಿಗೆ ಮೈಕೊಟ್ಟು ನಿಂತಾಗ ದಾರವನ್ನು ಎಳೆಯುವುದು ಮೀನೊಂದೇ ಅಲ್ಲ, ಹೊಳೆಯೂ ಅದರೊಡನೆ ಎಳೆಯುತ್ತದೆ. ಅರ್ಧ ಗಂಟೆ ಸೆಣಸಿ ತೋಳು ಸೋತವನಿಗೆ ಆ ಭಾರವೆಲ್ಲ ಮೀನಿನದೇ ಎನ್ನಿಸುತ್ತದೆ. ಕೊನೆಗೆ ಅದು ನೆನಪಿಗೆ ಸೇರುತ್ತದೆ. ಪಟ್ಟ ಶ್ರಮಕ್ಕೆ ತಕ್ಕ ಫಲ ದೊರೆಯಿತೆಂದು ನಂಬಲು ಮನಸ್ಸು ಬಯಸುತ್ತದೆ. ಆ ಬಯಕೆಗೆ ತಕ್ಕಂತೆ ಮೀನು ಹಿಗ್ಗುತ್ತದೆ. ಹೀಗೆ ಕಣ್ಣು, ಕೈ, ನೆನಪು ಈ ಮೂರನ್ನೂ ದಾಟಿ ನಾಲಗೆಗೆ ಬರುವ ವೇಳೆಗೆ ಮೀನು ಅರ್ಧದಷ್ಟು ಬೆಳೆದಿದ್ದರೆ ಆಶ್ಚರ್ಯವಿಲ್ಲ. ಹೇಳುವವನು ಪ್ರಾಮಾಣಿಕನೇ ಆಗಿದ್ದರೂ ಹೇಳಿದ ಅಳತೆ ಸುಳ್ಳಾಗಿರಬಹುದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಗಾದೆ ಕಟ್ಟಿದ್ದು ಇಂತಹ ಅನುಭವಗಳಿಂದಲೇ ಇರಬೇಕು.

ಉದ್ದದಲ್ಲಿ ಮಾಡಿದ ಸಣ್ಣ ಉತ್ಪ್ರೇಕ್ಷೆ ತೂಕದಲ್ಲಿ ಎಷ್ಟು ದೊಡ್ಡದಾಗುತ್ತದೆಂಬುದನ್ನು ಗಣಿತ ತಿಳಿದವರು ಸುಲಭವಾಗಿ ಊಹಿಸಬಲ್ಲರು. ಒಂದೇ ಆಕಾರದ ಎರಡು ಮೀನುಗಳಲ್ಲಿ ಒಂದು ಉದ್ದವಾಗಿದ್ದರೆ ಅದು ಅಗಲದಲ್ಲಿಯೂ ದಪ್ಪದಲ್ಲಿಯೂ ಅದೇ ಪ್ರಮಾಣದಲ್ಲಿ ಹೆಚ್ಚಾಗಿರುತ್ತದೆ. ಆದುದರಿಂದ ತೂಕವು ಉದ್ದದ ಘನಕ್ಕೆ ಅನುಗುಣವಾಗಿ ಏರುತ್ತದೆ. ಎರಡು ಅಡಿಯ ಮೀನನ್ನು ಎರಡೂವರೆ ಅಡಿಯೆಂದು ಹೇಳಿದವನು ಉದ್ದಕ್ಕೆ ಸೇರಿಸಿದ್ದು ಕೇವಲ ಕಾಲು ಪಾಲು. ಆದರೆ ತೂಕವನ್ನು ಅವನು ಹೆಚ್ಚುಕಡಿಮೆ ಇಮ್ಮಡಿಗೊಳಿಸಿದ್ದಾನೆ. ಮೂರು ಅಡಿಯೆಂದು ಹೇಳಿದನಾದರೆ ತೂಕ ಮೂರು ಪಟ್ಟಿಗೂ ಮೀರಿತು. ಕೈಗಳನ್ನು ಇನ್ನೊಂದು ಗೇಣು ಅಗಲಿಸುವುದು ಸುಲಭ. ಆ ಗೇಣಿನಲ್ಲಿ ಎಷ್ಟು ಕಿಲೋ ಸುಳ್ಳು ಅಡಗಿದೆಯೆಂಬುದು ಅಗಲಿಸಿದವನಿಗೂ ತಿಳಿದಿರುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಹೆಚ್ಚಿಸಿ ಹೇಳುವುದು ಅಷ್ಟೊಂದು ದೊಡ್ಡ ತಪ್ಪೇ? ನಮ್ಮ ಕವಿಗಳು ಅತಿಶಯೋಕ್ತಿಯನ್ನು ಅಲಂಕಾರವೆಂದೇ ಗೌರವಿಸಿಲ್ಲವೇ? ನಗರದ ಉಪ್ಪರಿಗೆಗಳು ಮುಗಿಲನ್ನು ಮುಟ್ಟುತ್ತಿದ್ದವೆಂದು ಕವಿ ವರ್ಣಿಸಿದಾಗ ಯಾರೂ ಏಣಿ ತಂದು ಅಳೆಯಲು ಹೊರಡುವುದಿಲ್ಲ. ಈ ಆಕ್ಷೇಪದಲ್ಲಿ ಹುರುಳಿದೆ. ಆದರೆ ಕಾವ್ಯದ ಅತಿಶಯೋಕ್ತಿಗೆ ಒಂದು ಒಪ್ಪಂದದ ಹಿನ್ನೆಲೆಯಿದೆ. ಇದು ವರ್ಣನೆಯೆಂಬುದನ್ನು ಕವಿಯೂ ಬಲ್ಲ, ಸಹೃದಯನೂ ಬಲ್ಲ. ಜಗಲಿಯ ಮೇಲಿನ ಮೀನಿನ ಕಥೆಯೂ ಬಹುಮಟ್ಟಿಗೆ ಇಂತಹದೇ. ಹೇಳುವವನು ತೋಳುಗಳನ್ನು ಅಗಲಿಸುತ್ತಾನೆ. ಕೇಳುವವರು ಮನಸ್ಸಿನಲ್ಲಿಯೇ ಅದರ ಅರ್ಧವನ್ನು ಕಳೆದು ಉಳಿದುದನ್ನು ನಂಬಿ ನಗುತ್ತಾರೆ. ಅಲ್ಲಿ ಮೋಸ ಹೋದವರು ಯಾರೂ ಇಲ್ಲ. ಅಂತಹ ಹರಟೆಯಿಲ್ಲದ ಊರಿನಲ್ಲಿ ಸಂಜೆಗಳು ನೀರಸವಾದಾವು.

ಕೇಡು ಪ್ರಾರಂಭವಾಗುವುದು ಕಥೆಯು ಲೆಕ್ಕದ ವೇಷ ಹಾಕಿದಾಗ. ಅಮೆರಿಕದ ಈರೀ ಸರೋವರದ ತೀರದಲ್ಲಿರುವ ಕ್ಲೀವ್‌ಲ್ಯಾಂಡ್ ನಗರದಲ್ಲಿ 2022ರ ಸೆಪ್ಟೆಂಬರಿನಲ್ಲಿ ಗಾಳದ ಸ್ಪರ್ಧೆಯೊಂದು ನಡೆಯಿತು. ಬಹುಮಾನಕ್ಕೆ ಪಾತ್ರರಾಗಬೇಕಾಗಿದ್ದ ಇಬ್ಬರ ಮೀನುಗಳು ತಮ್ಮ ಗಾತ್ರಕ್ಕೆ ಮೀರಿದ ತೂಕವನ್ನು ತೋರಿಸಿದವು. ಸಂಶಯಗೊಂಡ ವ್ಯವಸ್ಥಾಪಕರು ಅವುಗಳ ಹೊಟ್ಟೆಯನ್ನು ಸೀಳಿ ನೋಡಿದರು. ಒಳಗೆ ಸೀಸದ ಗುಂಡುಗಳಿದ್ದವು. ಬೇರೆ ಮೀನುಗಳ ಮಾಂಸದ ತುಂಡುಗಳನ್ನೂ ತುರುಕಲಾಗಿತ್ತು. 2023ರಲ್ಲಿ ಆ ಇಬ್ಬರೂ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡು ಹತ್ತು ದಿನಗಳ ಸೆರೆವಾಸಕ್ಕೆ ಗುರಿಯಾದರು. ನಾಲಗೆಯಿಂದ ಮೀನನ್ನು ಬೆಳೆಸುವುದಕ್ಕೂ ಸೀಸದಿಂದ ಬೆಳೆಸುವುದಕ್ಕೂ ಬಹಳ ಅಂತರವಿದೆಯೆಂಬುದು ನಿಜ. ಆದರೆ ಎರಡೂ ಒಂದೇ ದಾರಿಯ ಮೇಲಿನ ಊರುಗಳು.

ಇಂತಹ ಮೋಸಗಳನ್ನು ತಡೆಯುವುದಕ್ಕಾಗಿಯೇ ಗಾಳಗಾರರ ಸಂಘಗಳು ಕಟ್ಟುನಿಟ್ಟಾದ ನಿಯಮಗಳನ್ನು ರಚಿಸಿಕೊಂಡಿವೆ. 1939ರಲ್ಲಿ ಸ್ಥಾಪಿತವಾದ ಇಂಟರ್‌ನ್ಯಾಷನಲ್ ಗೇಮ್ ಫಿಶ್ ಅಸೋಸಿಯೇಷನ್ ಜಗತ್ತಿನ ದಾಖಲೆಯ ಮೀನುಗಳ ಪಟ್ಟಿಯನ್ನು ಕಾಪಾಡಿಕೊಂಡು ಬಂದಿದೆ. ಈ ಸಂಸ್ಥೆಯ ನಿಯಮದಂತೆ ಮೀನನ್ನು ಓಲಾಡುವ ದೋಣಿಯಲ್ಲಿ ತೂಗುವಂತಿಲ್ಲ. ಗಟ್ಟಿ ನೆಲದ ಮೇಲೆ, ಪರೀಕ್ಷಿಸಿ ಪ್ರಮಾಣೀಕರಿಸಿದ ತಕ್ಕಡಿಯಲ್ಲಿ ತೂಗಬೇಕು. ಛಾಯಾಚಿತ್ರ ಬೇಕು, ತೂಕಕ್ಕೆ ಸಾಕ್ಷಿ ಬೇಕು. ಮೀನು ಹಿಡಿಯುವವರೇ ಕೂಡಿ ಮೀನು ಹಿಡಿಯುವವರ ಮಾತಿಗೆ ಇಷ್ಟೊಂದು ಕಾವಲು ಹಾಕಿಕೊಂಡಿರುವುದು ಗಮನಿಸತಕ್ಕ ಸಂಗತಿ. ತಮ್ಮ ನಾಲಗೆಯ ಸ್ವಭಾವವನ್ನು ಅವರಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರಿದ್ದಾರೆ?

ಸರಿಯಾದ ಅಳತೆಗೆ ಬಹುಮಾನಕ್ಕಿಂತಲೂ ಹಿರಿದಾದ ಪ್ರಯೋಜನವೊಂದಿದೆ. ಅದನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಕಾವೇರಿಯ ದಂಡೆಗೆ ಹೋದರೆ ಸಾಕು. ಶೃಂಗೇರಿಯ ತುಂಗಾನದಿಯಲ್ಲಿ ಯಾತ್ರಿಕರು ಹಾಕುವ ಪುರಿಗಾಗಿ ಮೆಟ್ಟಿಲ ಬಳಿ ಮುತ್ತುವ ಮೀನುಗಳನ್ನು ಕಂಡವರು ಮಹಶೀರ್ ಜಾತಿಯ ಗಾತ್ರವನ್ನು ಬಲ್ಲರು. ಕಾವೇರಿಯಲ್ಲಿ ಇದೇ ಕುಲಕ್ಕೆ ಸೇರಿದ, ಇನ್ನೂ ಭಾರಿಯಾದ ಒಂದು ಮೀನು ಇದೆ. ಅದರ ಬೆನ್ನು ಗೂನಿನಂತೆ ಉಬ್ಬಿರುತ್ತದೆ. ಈಜುರೆಕ್ಕೆಗಳು ಕಿತ್ತಳೆ ಬಣ್ಣದವು. ಆಂಗ್ಲರ ಕಾಲದಿಂದಲೂ ಮಹಶೀರ್ ಮೀನಿಗೆ ಗಾಳ ಹಾಕುವುದು ಶೂರರ ಕ್ರೀಡೆಯೆಂದು ಹೆಸರಾಗಿತ್ತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಈ ಕ್ರೀಡೆಯನ್ನು ವಿಸ್ತಾರವಾಗಿ ವರ್ಣಿಸಿ ಬರೆದ ಗ್ರಂಥವು 1873ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿಯೇ ಅಚ್ಚಾಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದ ಡಿ ವೆಟ್ ವ್ಯಾನ್ ಇಂಗನ್ ಎಂಬವರು ಕಾವೇರಿ ಕೊಳ್ಳದಲ್ಲಿ 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಕದ ಮಹಶೀರನ್ನು ಹಿಡಿದರು. ಬೇಟೆಯಾಡಿದ ಪ್ರಾಣಿಗಳ ಚರ್ಮವನ್ನು ಹದಗೊಳಿಸಿ, ಜೀವವಿರುವಂತೆಯೇ ನಿಲ್ಲಿಸುವ ಕಲೆಗೆ ಪ್ರಸಿದ್ಧವಾದ ಮನೆತನ ಅದು. ಅಳತೆಯಲ್ಲಿ ಎಚ್ಚರ ಅವರ ಕುಲವೃತ್ತಿಗೇ ಸೇರಿದ ಗುಣ. ಆದುದರಿಂದಲೇ ಆ 120 ಪೌಂಡು ಇಂದಿಗೂ ಗೌರವದಿಂದ ಉಲ್ಲೇಖಗೊಳ್ಳುತ್ತಿದೆ.

ಕಾಲಕ್ರಮದಲ್ಲಿ ಕಾವೇರಿಯ ಗಾಳಗಾರಿಕೆಯಲ್ಲಿ ಒಂದು ಒಳ್ಳೆಯ ಪದ್ಧತಿ ಬೆಳೆಯಿತು. ರಾಗಿಹಿಟ್ಟಿನ ಉಂಡೆಯನ್ನು ಗಾಳಕ್ಕೆ ಸಿಕ್ಕಿಸಿ ಹಿಡಿದ ಮೀನನ್ನು ಕೊಲ್ಲದೆ ಮರಳಿ ಹೊಳೆಗೇ ಬಿಡುವುದು ರೂಢಿಯಾಯಿತು. ಮೀನಿಗೆ ಇದರಿಂದ ಪ್ರಾಣ ಉಳಿಯಿತು. ಮಾತಿಗೆ ಮಾತ್ರ ಹೊಸ ಹೊಣೆ ಬಂದಿತು. ಹಿಡಿದ ಮೀನನ್ನು ಮನೆಗೆ ತರುತ್ತಿದ್ದ ಕಾಲದಲ್ಲಿ ಸಾಕ್ಷಿ ಅಡಿಗೆಮನೆಯಲ್ಲಿಯೇ ಇರುತ್ತಿತ್ತು. ಎಷ್ಟು ದೊಡ್ಡ ಮೀನೆಂಬುದು ಊಟಕ್ಕೆ ಕುಳಿತವರಿಗೆಲ್ಲ ತಿಳಿಯುತ್ತಿತ್ತು. ಮೀನು ನೀರಿಗೆ ಮರಳಿದ ಮೇಲೆ ದಂಡೆಯಲ್ಲಿ ಉಳಿಯುವುದು ಹಿಡಿದವನ ಮಾತೊಂದೇ. ಸಾಕ್ಷಿ ಈಜಿಕೊಂಡು ಹೋಗಿರುವಾಗ ನಾಲಗೆ ಇನ್ನಷ್ಟು ಎಚ್ಚರದಿಂದಿರಬೇಕು.

ಆ ಎಚ್ಚರದ ಫಲವನ್ನು ತೋರಿಸುವ ಒಂದು ನಿದರ್ಶನವುಂಟು. ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮದ ಕೆಳಗೆ ಗಾಳಿಬೋರೆ ಎಂಬ ಸ್ಥಳದಲ್ಲಿ ಗಾಳಗಾರರ ಶಿಬಿರವೊಂದಿತ್ತು. ಯಾರು ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಬಗೆಯ ಮೀನು ಸಿಕ್ಕಿತು, ಅದರ ತೂಕವೆಷ್ಟು ಎಂಬುದನ್ನು ಅಲ್ಲಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಬರಹಗಳನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಆ ಅವಧಿಯಲ್ಲಿ 23,620 ಗಂಟೆಗಳ ಕಾಲ ಗಾಳ ಹಾಕಿ ಹಿಡಿದ ಮಹಶೀರ್‌ಗಳು 6,161. ಅವುಗಳಲ್ಲಿ ಅರ್ಧ ಕಿಲೋ ಕೂಡ ತೂಗದವೂ ಇದ್ದವು. 46 ಕಿಲೋ ಮೀರಿದುದೂ ಇತ್ತು. ಮೇಲುನೋಟಕ್ಕೆ ನದಿಯ ಸ್ಥಿತಿ ಚೆನ್ನಾಗಿಯೇ ಇದ್ದಂತೆ ತೋರುತ್ತಿತ್ತು. ವರ್ಷದಿಂದ ವರ್ಷಕ್ಕೆ ಗಾಳಕ್ಕೆ ಬೀಳುವ ಮೀನುಗಳ ಸಂಖ್ಯೆ ಹೆಚ್ಚುತ್ತಿತ್ತು. ಆದರೆ ಸರಾಸರಿ ತೂಕ ಇಳಿಯುತ್ತಿತ್ತು. ಹೆಚ್ಚುತ್ತಿದ್ದುದು ಬೇರೆ ಕಡೆಯಿಂದ ತಂದು ನದಿಗೆ ಬಿಟ್ಟಿದ್ದ ನೀಲಿ ರೆಕ್ಕೆಯ ಮಹಶೀರ್. ಕಾವೇರಿಯ ಸ್ವಂತದ ಗೂನುಬೆನ್ನಿನ ಮೀನು ವರ್ಷವರ್ಷಕ್ಕೂ ವಿರಳವಾಗುತ್ತಿತ್ತು. ಸಿಕ್ಕವುಗಳಲ್ಲಿಯೂ ಎಳೆಯವು ಅಪರೂಪವಾಗಿದ್ದವು. ಮಕ್ಕಳಿಲ್ಲದ ಮನೆಯಲ್ಲಿ ಮುದುಕರಷ್ಟೇ ಉಳಿದಂತೆ ಅದರ ಸಂತತಿ ಕ್ಷೀಣಿಸುತ್ತಿತ್ತು.

ಗಾಳಿಬೋರೆಯ ಆ ಪುಸ್ತಕದಲ್ಲಿ ಗಾಳಗಾರರು ಜಗಲಿಯ ಅಳತೆಯನ್ನೇ ಬರೆದಿದ್ದರೆ ಏನಾಗುತ್ತಿತ್ತು? ಮೂರು ಕಿಲೋ ಮೀನನ್ನು ಆರು ಕಿಲೋ ಎಂದಿದ್ದರೆ, ನೀಲಿ ರೆಕ್ಕೆಯದನ್ನು ಹೆಸರುವಾಸಿಯಾದ ಗೂನುಬೆನ್ನಿನದೆಂದು ಹೇಳಿಕೊಂಡಿದ್ದರೆ, ನದಿಯೊಳಗೆ ನಡೆಯುತ್ತಿದ್ದ ಈ ಮಾರ್ಪಾಟು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ವಿಜ್ಞಾನಿಗಳು ಹದಿನಾಲ್ಕು ಹದಿನೈದು ವರ್ಷ ಹೊಳೆಯಲ್ಲಿ ನಿಂತು ಅಷ್ಟು ಸಾವಿರ ಮೀನುಗಳನ್ನು ಹಿಡಿಯಲಾರರು. ವಿನೋದಕ್ಕಾಗಿ ಬಂದವರು ಬರೆದಿಟ್ಟ ನೇರವಾದ ಸಾಲುಗಳೇ ನದಿಯ ನಾಡಿಬಡಿತವನ್ನು ಹಿಡಿದುಕೊಟ್ಟವು. ಸುಮಾರು ಒಂದೂವರೆ ಶತಮಾನದಿಂದ ಎಲ್ಲರ ಬಾಯಲ್ಲಿ ಕೊಂಡಾಡಿಸಿಕೊಂಡಿದ್ದ ಆ ಗೂನುಬೆನ್ನಿನ ಮೀನು ಟಾರ್ ರೆಮಾದೇವಿ ಎಂಬ ಪ್ರಭೇದವೆಂದು ನಿಶ್ಚಯವಾದುದು 2018ರಲ್ಲಿ. ಅದೇ ವರ್ಷ ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಅದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಸಾಲಿಗೆ ಸೇರಿಸಿತು. ಅದರ ಗಾತ್ರವನ್ನು ಕುರಿತು ಅಷ್ಟೊಂದು ಮಾತಾಡಿದ ಜನ ಅದು ಯಾವ ಮೀನೆಂಬುದನ್ನು ನಿಶ್ಚಯಿಸುವ ವೇಳೆಗೆ ಅದು ಅಳಿವಿನ ಅಂಚಿಗೆ ಬಂದು ನಿಂತಿತ್ತು.

ಉತ್ಪ್ರೇಕ್ಷೆಯಿಂದಾಗುವ ಇನ್ನೊಂದು ಹಾನಿ ಇದಕ್ಕಿಂತ ಸೂಕ್ಷ್ಮವಾದುದು. ಅದು ನಿಜವನ್ನೂ ಅಗ್ಗಗೊಳಿಸುತ್ತದೆ. ‘ಹುಲಿ ಬಂತು ಹುಲಿ’ ಎಂದು ಕೂಗಿ ಊರವರನ್ನು ಏಮಾರಿಸಿದ ಹುಡುಗನ ಕಥೆಯನ್ನು ತಿಳಿಯದವರಿಲ್ಲ. ಹುಲಿ ನಿಜವಾಗಿಯೂ ಬಂದ ದಿನ ಅವನ ಕೂಗಿಗೆ ಯಾರೂ ಓಗೊಡಲಿಲ್ಲ. ಗಾಳಗಾರರ ಗತಿಯೂ ಹೀಗೆಯೇ ಆಗಿದೆ. ‘ನಮ್ಮ ಕಾಲದಲ್ಲಿ ಈ ಮಡುವಿನಲ್ಲಿ ಆಳುದ್ದದ ಮೀನುಗಳಿದ್ದವು’ ಎಂದು ಹೊಳೆದಂಡೆಯ ಮುದುಕನೊಬ್ಬ ಹೇಳಿದರೆ ಮೊಮ್ಮಕ್ಕಳು ಮುಸಿಮುಸಿ ನಗುತ್ತಾರೆ. ಇದೂ ಒಂದು ಮೀನಿನ ಕಥೆಯೆಂದು ತಳ್ಳಿಹಾಕುತ್ತಾರೆ. ಆದರೆ ಅವನ ಮಾತು ಅಕ್ಷರಶಃ ಸತ್ಯವಾಗಿರಬಹುದು.

ಅಮೆರಿಕದ ಫ್ಲಾರಿಡಾ ರಾಜ್ಯದ ಕೀ ವೆಸ್ಟ್ ಎಂಬ ದ್ವೀಪದಲ್ಲಿ ಇಂತಹ ಸತ್ಯಕ್ಕೆ ಛಾಯಾಚಿತ್ರಗಳು ಸಾಕ್ಷಿ ನುಡಿದಿವೆ. ಅಲ್ಲಿ ಕಡಲಿಗೆ ಹೋಗಿ ಬಂದ ಪ್ರವಾಸಿಗಳು ತಾವು ಹಿಡಿದ ಮೀನುಗಳನ್ನು ಹಲಗೆಗೆ ತೂಗುಹಾಕಿ, ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವುದು ಬಹುಕಾಲದ ವಾಡಿಕೆ. 1956ರಿಂದ 2007ರವರೆಗಿನ ಅಂತಹ ಚಿತ್ರಗಳನ್ನು ಲೋರೆನ್ ಮೆಕ್‌ಕ್ಲೆನಖಾನ್ ಎಂಬ ಸಂಶೋಧಕಿ ಅಳೆದು ನೋಡಿ, ಫಲಿತಾಂಶವನ್ನು 2009ರಲ್ಲಿ ಪ್ರಕಟಿಸಿದರು. ಹಲಗೆಯ ಮೇಲಿನ ಮೀನಿನ ಸರಾಸರಿ ತೂಕ ಸುಮಾರು 20 ಕಿಲೋಗಳಿಂದ 2.3 ಕಿಲೋಗಳಿಗೆ ಇಳಿದಿತ್ತು. ಹಳೆಯ ಚಿತ್ರಗಳಲ್ಲಿ ಮೀನುಗಳು ಮನುಷ್ಯರಿಗೆ ಸರಿಸಮನಾಗಿ ತೂಗುತ್ತಿವೆ. ಹೊಸ ಚಿತ್ರಗಳಲ್ಲಿ ಮೊಳದುದ್ದವೂ ಇಲ್ಲದ ಮೀನುಗಳ ಸಾಲಿದೆ. ಹಿಡಿದವರ ಮುಖದ ಹೆಮ್ಮೆ ಮಾತ್ರ ಐವತ್ತು ವರ್ಷಗಳಲ್ಲಿ ಕಿಂಚಿತ್ತೂ ಕುಂದಿಲ್ಲ. ತನ್ನ ಕಾಲದ ಸಣ್ಣ ಮೀನನ್ನೇ ದೊಡ್ಡದೆಂದು ನಂಬುವುದು ಪ್ರತಿಯೊಂದು ತಲೆಮಾರಿಗೂ ಸಹಜ. ಹಿಂದಿನವರ ಮಾತನ್ನು ನಂಬದ ತಲೆಮಾರಿಗೆ ತಾನು ಕಳೆದುಕೊಂಡುದು ಏನೆಂಬುದೇ ತಿಳಿಯುವುದಿಲ್ಲ. ತಿಳಿಯದ ನಷ್ಟವನ್ನು ತುಂಬಿಕೊಳ್ಳಲು ಯಾರು ತಾನೆ ಹೊರಟಾರು?

ಛಾಯಾಚಿತ್ರವಿದ್ದ ಮಾತ್ರಕ್ಕೆ ಉತ್ಪ್ರೇಕ್ಷೆ ನಿಂತುಹೋಯಿತೆಂದು ಭಾವಿಸುವಂತಿಲ್ಲ. ಜೇಬಿನಲ್ಲಿಯೇ ಕ್ಯಾಮೆರಾ ಇರುವ ಇಂದಿನ ದಿನಗಳಲ್ಲಿ ಅದು ಹೊಸ ಉಪಾಯವನ್ನು ಕಲಿತುಕೊಂಡಿದೆ. ಮೀನನ್ನು ಎದೆಗೆ ಒತ್ತಿಕೊಂಡು ನಿಲ್ಲುವ ಬದಲು ತೋಳುಗಳನ್ನು ಮುಂದಕ್ಕೆ ಚಾಚಿ ಕ್ಯಾಮೆರಾದ ಕಣ್ಣಿಗೆ ಹತ್ತಿರ ಹಿಡಿದರೆ ಸಾಕು. ಅಂಗೈಯಷ್ಟಗಲದ ಮೀನು ಹಿಡಿದವನ ಎದೆಯನ್ನೇ ಮುಚ್ಚುತ್ತದೆ. ಹಿಂದೆ ಪಕ್ಕಕ್ಕೆ ಅಗಲುತ್ತಿದ್ದ ತೋಳುಗಳು ಈಗ ಮುಂದಕ್ಕೆ ಚಾಚುತ್ತಿವೆ. ದಿಕ್ಕು ಬದಲಾಗಿದೆಯೇ ಹೊರತು ಗುಣ ಬದಲಾಗಿಲ್ಲ.

ಈ ದೌರ್ಬಲ್ಯ ಗಾಳಗಾರರಿಗೆ ಮಾತ್ರ ಸೀಮಿತವಲ್ಲ. ಪರೀಕ್ಷೆಯ ಕಷ್ಟವನ್ನು ವರ್ಣಿಸುವ ವಿದ್ಯಾರ್ಥಿ, ಓಟದಲ್ಲಿ ಗೆದ್ದ ಅಂತರವನ್ನು ಹೇಳುವ ಕ್ರೀಡಾಪಟು, ಸಭೆಗೆ ಕೂಡಿದ ಜನರ ಸಂಖ್ಯೆಯನ್ನು ಸಾರುವ ಮುಖಂಡ, ಇವರೆಲ್ಲರ ಕೈಯಲ್ಲಿಯೂ ಗಾಳಗಾರನ ಮೊಳವೇ ಇದೆ. ಕಡ್ಡಿಯನ್ನು ಗುಡ್ಡ ಮಾಡುವ ಹುಮ್ಮಸ್ಸು ಮನುಷ್ಯನಿಗೆ ಹುಟ್ಟಿನೊಡನೆಯೇ ಬಂದುದು. ಅದನ್ನು ಬೇರುಸಹಿತ ಕಿತ್ತೊಗೆಯುವುದು ಸಾಧ್ಯವೂ ಇಲ್ಲ, ಅಗತ್ಯವೂ ಇಲ್ಲ. ಯಾವ ಮೊಳವನ್ನು ಎಲ್ಲಿ ಬಳಸಬೇಕೆಂಬ ವಿವೇಕವಿದ್ದರೆ ಸಾಕು. ಸಂಜೆಯ ಹರಟೆಯಲ್ಲಿ ಮೀನು ತನಗೆ ಬೇಕಾದಷ್ಟು ಬೆಳೆಯಲಿ, ಕೇಳುವವರು ನಗಲಿ. ಆದರೆ ಲೆಕ್ಕದ ಪುಸ್ತಕ ತೆರೆದಾಗ, ಸಾಕ್ಷಿ ಹೇಳಬೇಕಾದಾಗ, ಮುಂದೆ ಬರುವವರು ನಂಬಿ ನಡೆಯಬೇಕಾದ ಮಾತನ್ನು ಆಡುವಾಗ, ಕೈಗಳನ್ನು ಕೆಳಗಿಳಿಸಿ ತಕ್ಕಡಿಯನ್ನು ಎತ್ತಿಕೊಳ್ಳಬೇಕು.

ಕಾವೇರಿಯ ಮೀನಿಗೆ ಮಾತು ಬಾರದು. ತನ್ನ ಕುಲ ಕುಗ್ಗುತ್ತಿದೆಯೆಂದು ಅದು ಯಾರ ಮುಂದೆಯೂ ದೂರು ಹೇಳಿಕೊಳ್ಳಲಾರದು. ಅದರ ಪರವಾಗಿ ನುಡಿಯಬಲ್ಲವನು ಅದನ್ನು ಕ್ಷಣಕಾಲ ಕೈಯಲ್ಲಿ ಹಿಡಿದು ಮರಳಿ ನೀರಿಗೆ ಬಿಟ್ಟವನೊಬ್ಬನೇ. ಮೂರು ಕಿಲೋ ಮೀನನ್ನು ಮೂರು ಕಿಲೋ ಎಂದೇ ಬರೆದಿಡುವುದರಿಂದ ಅವನ ಕೀರ್ತಿಗೆ ಕುಂದಿಲ್ಲ. ಮುಂದೆ ಎಂದಾದರೂ 120 ಪೌಂಡಿನ ಮೀನು ಅವನ ಗಾಳಕ್ಕೆ ಸಿಕ್ಕಿದರೆ, ಆ ದಿನ ಅವನ ಮಾತನ್ನು ನಂಬುವವರು ಇರುತ್ತಾರೆ.